ಮನೆಗೆ ಯಾವ ಮ್ಯೂಸಿಕ್ ಸೆಟಪ್ ಹಾಕಬೇಕು? ಪದೇ ಪದೇ ಕೇಳುವ ಪ್ರಶ್ನೆಗಳು

ದಾವಣಗೆರೆ, ಚಿತ್ರದುರ್ಗದಲ್ಲಿ ನೆಂಟರು, ಸ್ನೇಹಿತರ ಮನೆಗಳಿಗೆ ಹಾಡಿನ ವ್ಯವಸ್ಥೆ ಮಾಡಿಕೊಡುವಾಗ ನನ್ನನ್ನು ಹೆಚ್ಚಾಗಿ ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟಿಗೆ ಬರೆದಿದ್ದೇನೆ. ನೆಟ್‌ನಿಂದ ಬರುವ ಹಾಡಾಗಲಿ, ನಿಮ್ಮದೇ ಹಳೆಯ ಸಂಗ್ರಹವಾಗಲಿ, ತಲೆನೋವಿಲ್ಲದೆ ಮನೆಯ ಸ್ಪೀಕರ್‌ನಲ್ಲಿ ಕೇಳುವುದು ಹೇಗೆ ಅನ್ನುವುದಷ್ಟೇ ವಿಷಯ.

ಎಷ್ಟೊಂದು ಬಗೆ ಇದೆ. ಯೋಚನೆ ಎಲ್ಲಿಂದ ಶುರು ಮಾಡಬೇಕು?

ಯಾವ ಕಂಪನಿಯ ಸ್ಪೀಕರ್ ಒಳ್ಳೆಯದು ಅಂತ ಎಲ್ಲರೂ ಕೇಳುತ್ತಾರೆ. ನಾನು ಮೊದಲು ಕೇಳುವುದು ಬೇರೆ. ಒಂದು ದಿನ ಹಾಡು ಬರದೆ ನಿಂತರೆ ನಿಮ್ಮ ಮನೆಯಲ್ಲಿ ಅದನ್ನು ಸರಿ ಮಾಡುವವರು ಯಾರು? ಅವರಿಗೆ ಎಷ್ಟು ಗೊತ್ತೋ ಅಷ್ಟಕ್ಕೆ ತಕ್ಕ ಸೆಟಪ್ ಹಾಕಿ. ಅದಕ್ಕಿಂತ ಮೇಲಿನದನ್ನು ತಂದರೆ ನಾಲ್ಕು ದಿನ ಕೇಳಿ ಆಮೇಲೆ ಬಟ್ಟೆ ಮುಚ್ಚಿ ಇಡುತ್ತೀರಿ.

ಫೋನ್‌ನಲ್ಲಿ ವಾಟ್ಸ್‌ಆ್ಯಪ್, ಯೂಟ್ಯೂಬ್ ಬಿಟ್ಟು ಬೇರೇನೂ ಮುಟ್ಟುವುದಿಲ್ಲ ಅನ್ನುವವರಿಗೆ ಬ್ಲೂಟೂತ್ ಸ್ಪೀಕರ್ ಅಥವಾ ಟಿವಿ. ಹೊಸ ಆ್ಯಪ್ ಹಾಕಿಕೊಂಡು ಲಾಗಿನ್ ಆಗಲು, ರೂಟರ್ ಪಾಸ್‌ವರ್ಡ್ ಬದಲಿಸಲು ಬರುತ್ತದೆ ಅನ್ನುವವರಿಗೆ ವೈಫೈ ಸ್ಪೀಕರ್ ಅಥವಾ ಸ್ಟ್ರೀಮರ್ (ನೆಟ್‌ನ ಹಾಡನ್ನು ಅಂಪ್ಲಿಫೈಯರ್‌ಗೆ ಕೊಡುವ ಸಣ್ಣ ಪೆಟ್ಟಿಗೆ). ಐಪಿ ಅಡ್ರೆಸ್ ಗೊತ್ತು, ಎರರ್ ಬಂದರೆ ಹುಡುಕಿ ಓದಿ ಸರಿ ಮಾಡುವುದು ಇಷ್ಟ ಅನ್ನುವವರಿಗೆ ರಾಸ್ಪ್‌ಬೆರಿ ಪೈ (ಅಂಗೈಯಷ್ಟು ಪುಟ್ಟ ಕಂಪ್ಯೂಟರ್), ಮನೆಯದೇ ಸರ್ವರ್ (ಹಾಡುಗಳನ್ನು ಇಟ್ಟುಕೊಂಡು ಬೇರೆ ಸಾಧನಗಳಿಗೆ ಕಳಿಸುವ ಕಂಪ್ಯೂಟರ್). ಕೆಲಸ ಬರುವುದು ಬೇರೆ, ಅದನ್ನು ಇಷ್ಟಪಟ್ಟು ಮಾಡುವುದು ಬೇರೆ. ದಿನವಿಡೀ ಆಫೀಸಿನಲ್ಲಿ ಕಂಪ್ಯೂಟರ್ ಮುಂದೆ ಕೂತು ಬಂದವರು ಸಂಜೆ ಬ್ಲೂಟೂತ್ ಸ್ಪೀಕರ್ ಹಾಕಿಕೊಂಡು ಕೂತರೆ ಅದರಲ್ಲಿ ಕಡಿಮೆಯೇನೂ ಇಲ್ಲ.

ನನಗೆ ಏನೂ ಗೊತ್ತಾಗಲ್ಲ. ಬ್ಲೂಟೂತ್ ಸ್ಪೀಕರ್ ಸಾಕಾ?

ಸಾಕು. ಒಂದು ಹಾಲ್, ಒಂದು ಅಡುಗೆಮನೆಗೆ ಧಾರಾಳವಾಗಿ ಸಾಕು. ಬ್ಲೂಟೂತ್ ಸಾಮಾನ್ಯವಾಗಿ 10 ಮೀಟರ್‌ವರೆಗೆ ಹಿಡಿಯುತ್ತದೆ, ನಡುವೆ ಗೋಡೆ ಬಂದರೆ ಇನ್ನೂ ಕಡಿಮೆ.

ತೊಂದರೆ ಎರಡು. ಫೋನ್ ಬಂದರೆ ಹಾಡು ನಿಲ್ಲುತ್ತದೆ. ಫೋನ್ ಜೇಬಿನಲ್ಲಿಟ್ಟುಕೊಂಡು ನೀವು ಮಂಡಿಪೇಟೆಗೆ ಹೊರಟರೆ ಹಾಡೂ ನಿಮ್ಮ ಜೊತೆಗೇ ಹೊರಟುಹೋಗುತ್ತದೆ, ಮನೆಯಲ್ಲಿದ್ದವರಿಗೆ ಇಲ್ಲ. ಇದಕ್ಕೆ ನನಗೆ ಗೊತ್ತಿರುವ ಅತಿ ಒಳ್ಳೆಯ ಉಪಾಯ ಡ್ರಾಯರ್‌ನಲ್ಲಿ ಸುಮ್ನೆ ಬಿದ್ದಿರುವ ಹಳೇ ಫೋನ್. ಸಿಮ್ ತೆಗೆಯಿರಿ, ವೈಫೈ ಹಾಕಿ, ಹಾಡಿನ ಆ್ಯಪ್ ಒಂದನ್ನು ಬಿಟ್ಟು ಉಳಿದದ್ದನ್ನೆಲ್ಲ ಅಳಿಸಿ, ಸ್ಪೀಕರ್ ಪಕ್ಕದಲ್ಲಿಡಿ. ಅದು ಮನೆಯ ಹಾಡಿನ ಫೋನ್. ಯಾರು ಬೇಕಾದರೂ ಹಾಡು ಬದಲಿಸಬಹುದು. ಇಡೀ ದಿನ ಚಾರ್ಜರ್‌ಗೆ ಸಿಕ್ಕಿಸಿ ಮಾತ್ರ ಬಿಡಬೇಡಿ. ಹಿಂಬದಿ ಉಬ್ಬಿದ ಬ್ಯಾಟರಿ ಇದ್ದರೆ ಆ ಫೋನ್ ಬೇಡವೇ ಬೇಡ.

ವೈಫೈ ಸ್ಪೀಕರ್ ಅಂದ್ರೆ ಅದೇ ಅಲ್ವಾ? ಜಾಸ್ತಿ ದುಡ್ಡು ಯಾಕೆ ಕೊಡಬೇಕು?

ಅದೇ ಅಲ್ಲ. ಬ್ಲೂಟೂತ್‌ನಲ್ಲಿ ಹಾಡು ನಿಮ್ಮ ಫೋನ್‌ಗೆ ಬಂದು, ಮತ್ತೆ ಕುಗ್ಗಿ, ಸ್ಪೀಕರ್‌ಗೆ ಹೋಗುತ್ತದೆ. ಗೂಗಲ್ ಕಾಸ್ಟ್, ಸ್ಪಾಟಿಫೈ ಕನೆಕ್ಟ್ ಥರದ ವೈಫೈ ವ್ಯವಸ್ಥೆಯಲ್ಲಿ ಸ್ಪೀಕರ್ ತಾನೇ ನೆಟ್‌ನಿಂದ ಹಾಡು ಎಳೆದುಕೊಳ್ಳುತ್ತದೆ. ಫೋನ್ ಬರೀ ರಿಮೋಟ್. ಕಾಲ್ ಬಂದರೂ, ಫೋನ್ ಸ್ವಿಚ್ ಆಫ್ ಆದರೂ ಹಾಡು ನಡೆಯುತ್ತಿರುತ್ತದೆ. ಆ್ಯಪಲ್‌ನ ಏರ್‌ಪ್ಲೇಯಲ್ಲಿ ಮಾತ್ರ ಹೆಚ್ಚಾಗಿ ಹಾಡು ಫೋನ್ ಮೂಲಕವೇ ಹೋಗುತ್ತದೆ. ಆದರೆ ವೈಫೈ ಆದ್ದರಿಂದ ಬ್ಲೂಟೂತ್‌ನಷ್ಟು ಕುಗ್ಗಿಸುವ ಗೋಜಿಲ್ಲ, ದೂರವೂ ಜಾಸ್ತಿ.

ಇನ್ನೊಂದು ಅನುಕೂಲ, ಹಲವು ಕೋಣೆ. ದುಗ್ಗಮ್ಮನ ಜಾತ್ರೆಗೆ ನೆಂಟರು ಬಂದು ಮನೆ ತುಂಬಿದಾಗ ಅಡುಗೆಮನೆ, ಹಾಲ್, ಮಹಡಿ ಎಲ್ಲ ಕಡೆ ಒಂದೇ ಹಾಡು ಒಟ್ಟಿಗೆ ಬರಬೇಕು ಅಂದರೆ ಬ್ಲೂಟೂತ್ ಕೈಕೊಡುತ್ತದೆ. ಗೂಗಲ್ ಹೋಮ್ ಆ್ಯಪ್‌ನಲ್ಲಿ ಸ್ಪೀಕರ್‌ಗಳನ್ನು ಗುಂಪು ಮಾಡಬಹುದು. ಅಲೆಕ್ಸಾದಲ್ಲೂ, ಏರ್‌ಪ್ಲೇ 2ರಲ್ಲೂ ಆಗುತ್ತದೆ. ಆದರೆ ಒಂದೇ ಜಾತಿಯವನ್ನೇ ತರಬೇಕು. ಒಂದು ಅಲೆಕ್ಸಾದ ಎಕೋ, ಒಂದು ಗೂಗಲ್‌ನ ನೆಸ್ಟ್ ತಂದರೆ ಅವೆರಡೂ ಜೊತೆಯಾಗಿ ಹಾಡುವುದಿಲ್ಲ.

ಹಾಡು ಕೇಳ್ತಾ ಇದ್ದಾಗ ತಾನಾಗೇ ನಿಂತು, ಬೇರೆಲ್ಲೋ ನುಡೀತಿದೆ ಅಂತ ತೋರಿಸುತ್ತೆ. ಹ್ಯಾಕ್ ಆಗಿದೆಯಾ?

ಇಲ್ಲ. ಅಕೌಂಟ್ ಒಂದೇ, ಕೇಳುವವರು ಇಬ್ಬರು. ಮಗ ಬೆಂಗಳೂರಿನಲ್ಲಿ ಮೆಟ್ರೋದಲ್ಲಿ ಕೂತು ಪ್ಲೇ ಒತ್ತಿದರೆ ಇಲ್ಲಿ ವಿದ್ಯಾನಗರದ ಮನೆಯಲ್ಲಿ ಅಪ್ಪನ ವಚನ ನಿಲ್ಲುತ್ತದೆ. ಸ್ಪಾಟಿಫೈನಲ್ಲಿ ಒಂದು ಅಕೌಂಟ್‌ನಿಂದ ಒಂದು ಹೊತ್ತಿಗೆ ಒಂದೇ ಕಡೆ ಹಾಡು. ಒಂದಕ್ಕಿಂತ ಹೆಚ್ಚು ಅಕೌಂಟ್ ಕೊಡುವ ಪ್ಲ್ಯಾನ್ ತೆಗೆದುಕೊಂಡು ಹಾಡಿನ ಫೋನ್‌ಗೆ ಪ್ರತ್ಯೇಕ ಅಕೌಂಟ್ ಮಾಡಿದರೆ ಈ ಕಾಟ ಮುಗಿಯಿತು.

ಮನೆಯಲ್ಲಿ ಹಳೇ ಅಂಪ್ಲಿಫೈಯರ್, ದೊಡ್ಡ ಸ್ಪೀಕರ್ ಇದೆ. ಗುಜರಿಗೆ ಹಾಕಬೇಕಾ?

ದಯವಿಟ್ಟು ಹಾಕಬೇಡಿ! ಕ್ಯಾಸೆಟ್ ಕಾಲದ ಒಳ್ಳೆಯ ಅಂಪ್ಲಿಫೈಯರ್, ಮರದ ಪೆಟ್ಟಿಗೆಯ ಸ್ಪೀಕರ್ ಮುಂದೆ ಇವತ್ತಿನ ಅಂಗೈಯಗಲದ ಸ್ಪೀಕರ್‌ಗಳು ನಿಲ್ಲುವುದಿಲ್ಲ. ತಬಲಾದ ಬಾಯಾ, ಮೃದಂಗದ ಎಡಭಾಗ ಕೇಳಿಸಬೇಕು ಅಂದರೆ ಸ್ಪೀಕರ್‌ನ ಕೋನ್ ದೊಡ್ಡದಿರಬೇಕು. ಸಣ್ಣ ಡಬ್ಬಿಯಿಂದ ಅದು ಬರುವುದಿಲ್ಲ.

ಅಂಪ್ಲಿಫೈಯರ್‌ನ ಹಿಂದೆ ಕೆಂಪು, ಬಿಳಿ ಬಣ್ಣದ ಎರಡು ತೂತುಗಳಿರುತ್ತವೆ. ಅಲ್ಲಿ ಆಕ್ಸ್, ಸಿಡಿ ಅಥವಾ ಟೇಪ್ ಇನ್ ಅಂತ ಬರೆದ ಜೋಡಿ ಹುಡುಕಿ. ಫೋನೋ ಅಂತ ಬರೆದಿರುವುದಕ್ಕೆ ಮಾತ್ರ ಚುಚ್ಚಬೇಡಿ. ಅದು ಗ್ರಾಮಫೋನ್ ಪ್ಲೇಯರ್‌ಗೆ ಮಾಡಿದ್ದು, ಬೇರೆಯದನ್ನು ಹಾಕಿದರೆ ದನಿ ಒಡೆಯುತ್ತದೆ. ಆಮೇಲೆ ನಿಮ್ಮ ಮಟ್ಟಕ್ಕೆ ತಕ್ಕದ್ದನ್ನು ಅಲ್ಲಿಗೆ ಜೋಡಿಸಿ. ಏನೂ ಬರದವರು ಹಳೇ ಫೋನ್‌ನ ಹೆಡ್‌ಫೋನ್ ತೂತಿನಿಂದ ಒಂದು ಕೇಬಲ್ ಎಳೆದರೆ ಸಾಕು. ಎಲೆಕ್ಟ್ರಾನಿಕ್ಸ್ ಅಂಗಡಿಯಲ್ಲಿ 3.5 ಎಂಎಂನಿಂದ ಆರ್‌ಸಿಎ ಕೇಬಲ್ ಅಂತ ಕೇಳಿ. ಸ್ವಲ್ಪ ಗೊತ್ತಿರುವವರು ಬ್ಲೂಟೂತ್ ರಿಸೀವರ್ ಅಥವಾ ವೈಫೈ ಸ್ಟ್ರೀಮರ್ ಹಾಕಿಕೊಳ್ಳಿ. ಪೂರ್ತಿ ಗೊತ್ತಿರುವವರಿಗೆ ಪೈ ಇದ್ದೇ ಇದೆ.

ಜೋಡಿಸಿದ ಮೇಲೆ "ಗುಂಯ್" ಅಂತ ಬಿಡದೆ ಸದ್ದು ಬಂದರೆ ಫೋನ್‌ನ ಚಾರ್ಜರ್ ಕಿತ್ತು ನೋಡಿ. ಸದ್ದು ನಿಂತರೆ ಅದು ಅರ್ಥಿಂಗ್ ಸಮಸ್ಯೆ. ಎಲ್ಲವನ್ನೂ ಒಂದೇ ಪ್ಲಗ್ ಪಾಯಿಂಟ್‌ನಿಂದ ತೆಗೆದುಕೊಂಡರೆ ಎಷ್ಟೋ ಸಲ ಹೋಗುತ್ತದೆ. ಹಳೇಪೇಟೆಯ ಎಷ್ಟೋ ಮನೆಗಳಲ್ಲಿ ಅರ್ಥಿಂಗೇ ಸರಿ ಇರುವುದಿಲ್ಲ. ಅದನ್ನು ಎಲೆಕ್ಟ್ರಿಷಿಯನ್ ಕರೆದು ತೋರಿಸಿ, ಹಾಡಿಗಿಂತ ಜೀವ ದೊಡ್ಡದು.

ಒಂದು ಎಚ್ಚರಿಕೆ. ಸೆಕೆಂಡ್ ಹ್ಯಾಂಡ್‌ನಲ್ಲಿ ಕ್ರೋಮ್‌ಕಾಸ್ಟ್ ಆಡಿಯೊ (ಹಳೇ ಅಂಪ್ಲಿಫೈಯರ್‌ಗೆ ಜೋಡಿಸುವ ಗೂಗಲ್‌ನ ಪುಟ್ಟ ಸ್ಟ್ರೀಮರ್) ಸಿಕ್ಕರೆ ಯೋಚಿಸಿ ಕೊಳ್ಳಿ. ತುಂಬ ಒಳ್ಳೆಯ ಸಾಧನ ಅದು, ಆದರೆ 2019ರಲ್ಲೇ ಗೂಗಲ್ ಅದನ್ನು ಮಾಡುವುದು ನಿಲ್ಲಿಸಿತು. 2025ರ ಮಾರ್ಚ್‌ನಲ್ಲಿ ಒಂದು ಸರ್ಟಿಫಿಕೇಟ್‌ನ ಅವಧಿ ಮುಗಿದು ಕೆಲವು ದಿನ ಕೆಲಸವೇ ಮಾಡಲಿಲ್ಲ. ಗೂಗಲ್ ಅಪ್‌ಡೇಟ್ ಕಳಿಸಿದ ಮೇಲೆ ಸರಿಯಾಯಿತು.

ನಾವು ಟಿವಿಯಲ್ಲೇ ಹಾಡು ಹಾಕ್ತೀವಿ.

ಹಾಕಿ. ಟಿವಿಯ ಸ್ವಂತ ಸ್ಪೀಕರ್ ತೆಳುವಾಗಿರುತ್ತದೆ, ಅಷ್ಟೇ. ಹಿಂದಿರುವ ಆಪ್ಟಿಕಲ್ ಅಥವಾ ಎಚ್‌ಡಿಎಂಐ ಎಆರ್‌ಸಿ ತೂತಿನಿಂದ ಸೌಂಡ್‌ಬಾರ್‌ಗೆ, ಹೋಮ್ ಥಿಯೇಟರ್‌ಗೆ ಎಳೆದರೆ ದನಿ ತುಂಬಿ ಬರುತ್ತದೆ. ಪರದೆ ಮಾತ್ರ ಆರಿಸುವ ಸೌಲಭ್ಯ ಹಲವು ಟಿವಿಗಳ ಸೆಟ್ಟಿಂಗ್ಸ್‌ನಲ್ಲಿದೆ, ಹುಡುಕಿ ನೋಡಿ.

ಅಜ್ಜಿಗೆ ಫೋನ್ ಒತ್ತೋಕೆ ಬರಲ್ಲ. ಮಾತಾಡಿದ್ರೆ ಹಾಡೋ ಸ್ಪೀಕರ್ ತರಬಹುದಾ?

ಅಲೆಕ್ಸಾ ನಮ್ಮ ದೇಶದಲ್ಲಿ ಇಂಗ್ಲಿಷ್, ಹಿಂದಿ ಮಾತು ಕೇಳುತ್ತದೆ. ಕನ್ನಡ ಹಾಡಿನ ಹೆಸರನ್ನು ಕೆಲವೊಮ್ಮೆ ಹಿಡಿಯುತ್ತದೆ, ಕೆಲವೊಮ್ಮೆ ಬೇರೇನೋ ಹಾಕಿಬಿಡುತ್ತದೆ. ನಮ್ಮ ಕಡೆಯ ಹಿರಿಯರ ಉಚ್ಚಾರಣೆಗೆ ಅದು ಒಗ್ಗುವುದು ಕಷ್ಟ. ಎರಡು ಸಲ "ಸಾರಿ" ಅಂದರೆ ಅಜ್ಜಿ ಮೂರನೇ ಸಲ ಕೇಳುವುದೇ ಇಲ್ಲ. ಅವರಿಗೆ ಗುಂಡಿ ಇರುವ ಪೆಟ್ಟಿಗೆಯೇ ಸರಿ. ಹಾಡು ತುಂಬಿದ ಪೆನ್ ಡ್ರೈವ್, ಯುಎಸ್‌ಬಿ ತೂತಿರುವ ಸ್ಪೀಕರ್, ಮುಂದಿನ ಹಾಡಿಗೆ ಒಂದು ಗುಂಡಿ. ಆಕಾಶವಾಣಿ ಕೇಳುವ ರೂಢಿ ಇದ್ದರೆ ಎಫ್‌ಎಂ ಇರುವ ಸ್ಪೀಕರನ್ನೇ ಆರಿಸಿ. ಚಿತ್ರದುರ್ಗ ಆಕಾಶವಾಣಿ ಕೇಳುತ್ತಾ ಬೆಳೆದವರಿಗೆ ಅದಕ್ಕಿಂತ ಆಪ್ತವಾದ ಸ್ಟ್ರೀಮಿಂಗ್ ಇಲ್ಲ. ಫೋನ್ ಬಳಸುವವರಿಗೆ ಪ್ರಸಾರ ಭಾರತಿಯ ನ್ಯೂಸ್ ಆನ್ ಏರ್ ಆ್ಯಪ್‌ನಲ್ಲಿ ಆಕಾಶವಾಣಿಯ ಬೇರೆ ಬೇರೆ ವಾಹಿನಿಗಳು ಸಿಗುತ್ತವೆ.

ಕನ್ನಡಕ್ಕೆ ಯಾವ ಆ್ಯಪ್ ಒಳ್ಳೆಯದು?

ಸಿನಿಮಾ ಹಾಡಿಗೆ ಯಾವುದಾದರೂ ನಡೆಯುತ್ತದೆ. ಸ್ಪಾಟಿಫೈ, ಜಿಯೋಸಾವನ್, ಆ್ಯಪಲ್ ಮ್ಯೂಸಿಕ್ ಎಲ್ಲದರಲ್ಲೂ ಇದೆ. ಹರಿಕಥೆ, ಜನಪದ, ರಂಗಗೀತೆ, ಹಳೆಯ ಕಛೇರಿ ಬೇಕು ಅಂದರೆ ನನ್ನ ಮತ ಯೂಟ್ಯೂಬ್ ಮ್ಯೂಸಿಕ್‌ಗೆ. ಜನರು ತಾವೇ ಯೂಟ್ಯೂಬ್‌ಗೆ ಹಾಕಿದ ಧ್ವನಿಮುದ್ರಣಗಳೂ ಅಲ್ಲಿ ಸಿಗುತ್ತವೆ. ದುಡ್ಡು ಕಟ್ಟುವ ಮುಂಚೆ ನಿಮಗೆ ಬಲು ಇಷ್ಟವಾದ, ಸುಲಭಕ್ಕೆ ಸಿಗದ ನಾಲ್ಕೈದು ಹಾಡುಗಳನ್ನು ಹುಡುಕಿ ನೋಡಿ. ಸಿಕ್ಕರೆ ಕಟ್ಟಿ.

ಸ್ಟ್ರೀಮರ್ ಕೊಳ್ಳುವಾಗಲೂ ಇದೇ ಲೆಕ್ಕ. ವಿದೇಶಿ ವಿಮರ್ಶೆಗಳು ಹೊಗಳುವ ಪೆಟ್ಟಿಗೆ ಅಲ್ಲಿನ ಸೇವೆಗಳಿಗೆ ಮಾಡಿದ್ದಿರಬಹುದು. ನೀವು ದುಡ್ಡು ಕಟ್ಟಿರುವ ಆ್ಯಪ್‌ನ ಹೆಸರು ಡಬ್ಬಿಯ ಮೇಲೆ ಇದೆಯಾ ನೋಡಿ.

ಆ್ಯಪ್‌ನಲ್ಲೇ ಎಲ್ಲ ಸಿಗುವಾಗ ಸ್ವಂತ ಸಂಗ್ರಹ ಯಾಕೆ?

ಎಲ್ಲ ಸಿಗುವುದಿಲ್ಲ. ಸಿಕ್ಕಿದ್ದೂ ಉಳಿಯುವುದಿಲ್ಲ. ಗೂಗಲ್ ಪ್ಲೇ ಮ್ಯೂಸಿಕ್ 2020ರಲ್ಲಿ ಮುಚ್ಚಿತು. ವಿಂಕ್ ಮ್ಯೂಸಿಕ್ 2024ರಲ್ಲಿ ಮುಚ್ಚಿತು. ಹಕ್ಕಿನ ಒಪ್ಪಂದ ಮುಗಿದರೆ ನಿನ್ನೆ ಇದ್ದ ಹಾಡು ಇವತ್ತು ಬೂದು ಬಣ್ಣಕ್ಕೆ ತಿರುಗಿರುತ್ತದೆ, ಒತ್ತಿದರೆ ನುಡಿಯುವುದಿಲ್ಲ.

ನಮ್ಮೂರಿಗೆ ಇದು ಇನ್ನೂ ಮುಖ್ಯ. ಚಿಂದೋಡಿ ಲೀಲಾ ಅವರ ಕೆ.ಬಿ.ಆರ್. ಡ್ರಾಮಾ ಕಂಪನಿಯ ಊರು ದಾವಣಗೆರೆ. ಕಂಪನಿ ನಾಟಕದ ಹಾಡು, ಭಜನಾ ಮಂಡಳಿಯವರು ಹಾಡಿದ ತತ್ವಪದ, ಮನೆಯ ಮದುವೆಯ ಸೋಬಾನೆ ಪದ, ಇವೆಲ್ಲ ಯಾರದೋ ಅಟ್ಟದ ಮೇಲಿನ ಕ್ಯಾಸೆಟ್‌ಗಳಲ್ಲಿವೆ. ಅವನ್ನು ಯಾವ ಕಂಪನಿಯೂ ಬಂದು ಉಳಿಸಿಕೊಡುವುದಿಲ್ಲ. ನಾವೇ ಉಳಿಸಿಕೊಳ್ಳಬೇಕು.

ಕ್ಯಾಸೆಟ್ ಆದರೆ ಡೆಕ್‌ನ ಲೈನ್ ಔಟ್‌ನಿಂದ ಕಂಪ್ಯೂಟರ್‌ಗೆ ಎಳೆದು ಆಡಾಸಿಟಿ ಅನ್ನುವ ಉಚಿತ ಸಾಫ್ಟ್‌ವೇರ್‌ನಲ್ಲಿ ರೆಕಾರ್ಡ್ ಮಾಡಬಹುದು. ಲ್ಯಾಪ್‌ಟಾಪ್‌ನ ಮೈಕ್ ತೂತು ಸಾಮಾನ್ಯವಾಗಿ ಮೋನೋ. ಲೈನ್ ಇನ್ ಇರುವ ಯುಎಸ್‌ಬಿ ಸೌಂಡ್ ಕಾರ್ಡ್ ತೆಗೆದುಕೊಂಡರೆ ಎರಡೂ ಕಡೆಯ ದನಿ ಬರುತ್ತದೆ. ಶುರು ಮಾಡುವ ಮುಂಚೆ ಡೆಕ್‌ನ ಹೆಡ್ಡನ್ನು ಐಸೊಪ್ರೊಪೈಲ್ ಆಲ್ಕೋಹಾಲ್ ಹಚ್ಚಿದ ಹತ್ತಿಯಿಂದ ಒರೆಸಿ. ಕಂದು ಬಣ್ಣದ ಕೊಳೆ ಹತ್ತಿಗೆ ಬರುತ್ತದೆ, ಮಂಕಾಗಿದ್ದ ದನಿ ತಿಳಿಯಾಗುತ್ತದೆ. 60 ನಿಮಿಷದ ಕ್ಯಾಸೆಟ್‌ಗೆ 60 ನಿಮಿಷವೂ ಬೇಕು, ಅವಸರ ಮಾಡಲು ದಾರಿಯಿಲ್ಲ. ಸಿಡಿ ಸುಲಭ. ಎಕ್ಸಾಕ್ಟ್ ಆಡಿಯೊ ಕಾಪಿ ಅನ್ನುವ ಉಚಿತ ಸಾಫ್ಟ್‌ವೇರ್‌ನಿಂದ ಫ್ಲ್ಯಾಕ್ ಫೈಲ್ (ದನಿಯಲ್ಲಿ ಏನೂ ಕಳೆಯದ ಫೈಲ್ ಬಗೆ) ಮಾಡಿಟ್ಟುಕೊಳ್ಳಿ. ಒಂದು ಸಿಡಿಗೆ 300ರಿಂದ 400 ಎಂಬಿ ಹಿಡಿದರೂ 1 ಟಿಬಿ ಡಿಸ್ಕ್‌ನಲ್ಲಿ 2,500ರಷ್ಟು ಸಿಡಿ ಕೂರುತ್ತವೆ. ಪ್ರತಿಯೊಂದನ್ನೂ ಎರಡು ಕಡೆ ಇಡಿ. ಒಂದೇ ಡಿಸ್ಕ್‌ನಲ್ಲಿರುವ ಸಂಗ್ರಹ ಇವತ್ತಲ್ಲ ನಾಳೆ ಹೋಗುವಂಥದ್ದೇ.

ಸರ್ವರ್ ಗಿರ್ವರ್ ಬೇಡ ಅನ್ನುವವರಿಗೂ ದಾರಿ ಇದೆ. ಯೂಟ್ಯೂಬ್ ಮ್ಯೂಸಿಕ್‌ಗೆ ನಿಮ್ಮದೇ ಹಾಡುಗಳನ್ನು 1 ಲಕ್ಷದವರೆಗೆ ಏರಿಸಬಹುದು. ಕಂಪ್ಯೂಟರ್‌ನ ಬ್ರೌಸರ್‌ನಲ್ಲಿ ತೆರೆದು ಫೈಲ್‌ಗಳನ್ನು ಎಳೆದು ಬಿಟ್ಟರಾಯಿತು.

ನನ್ನ ಹಾಡುಗಳೆಲ್ಲ "ಅನ್‌ನೋನ್ ಆರ್ಟಿಸ್ಟ್" ಅಂತ ಬರ್ತಿವೆ. ಹೆಸರು ಕನ್ನಡದಲ್ಲಿ ಇಡಬಹುದಾ?

ಧಾರಾಳವಾಗಿ ಇಡಬಹುದು. ಹಾಡಿನ ಫೈಲ್ ಒಳಗೆ ಟ್ಯಾಗ್ ಅಂತ ಇರುತ್ತದೆ. ಎಂಪಿ3ಟ್ಯಾಗ್ ಅನ್ನುವ ಸಾಫ್ಟ್‌ವೇರ್‌ನಲ್ಲಿ ಅದನ್ನು ತಿದ್ದಬಹುದು, ಕನ್ನಡ ಲಿಪಿಯೂ ಸರಿಯಾಗಿ ಕೂರುತ್ತದೆ. ಆದರೆ ಒಂದು ಪದ್ಧತಿ ಹಿಡಿದು ಅದನ್ನೇ ಬಿಡದೆ ಅನುಸರಿಸಿ. ಒಂದು ಫೈಲ್‌ನಲ್ಲಿ "ಮಲ್ಲಿಕಾರ್ಜುನ ಮನ್ಸೂರ", ಇನ್ನೊಂದರಲ್ಲಿ "ಮಲ್ಲಿಕಾರ್ಜುನ ಮನಸೂರ್", ಮತ್ತೊಂದರಲ್ಲಿ "ಪಂ. ಮನ್ಸೂರ್" ಅಂತ ಇದ್ದರೆ ಪ್ಲೇಯರ್ ಪಾಲಿಗೆ ಅವರು ಮೂರು ಜನ ಗಾಯಕರು. ಹುಡುಕಿದಾಗ ಅರ್ಧ ಹಾಡು ಸಿಗುವುದೇ ಇಲ್ಲ. ಕೀಬೋರ್ಡ್‌ನಲ್ಲಿ ಕನ್ನಡ ಒತ್ತಲು ಮನೆಯವರಿಗೆ ರೂಢಿ ಇಲ್ಲದಿದ್ದರೆ ಕಲಾವಿದರ ಹೆಸರು ಇಂಗ್ಲಿಷ್ ಲಿಪಿಯಲ್ಲಿ, ಹಾಡಿನ ಹೆಸರು ಕನ್ನಡದಲ್ಲಿ ಇಡಿ. ಬೇಜಾರಿನ ಕೆಲಸ ನಿಜ. ಆದರೆ ಒಂದು ಸಂಗ್ರಹ ಬಳಕೆಗೆ ಬರುವುದೂ ಬಾರದಿರುವುದೂ ಇದರ ಮೇಲೆಯೇ ನಿಂತಿದೆ.

ರಾಸ್ಪ್‌ಬೆರಿ ಪೈನಲ್ಲಿ ಮಾಡಬೇಕು ಅಂತ ಆಸೆ. ನನ್ನಿಂದ ಆಗುತ್ತಾ?

ಎಸ್‌ಡಿ ಕಾರ್ಡ್‌ಗೆ ಇಮೇಜ್ (ಪೈ ಓಡಿಸುವ ಸಾಫ್ಟ್‌ವೇರ್‌ನ ಫೈಲ್) ಬರೆಯಲು, ಬ್ರೌಸರ್‌ನಲ್ಲಿ ವಿಳಾಸ ಹಾಕಿ ಸೆಟ್ಟಿಂಗ್ಸ್ ಪುಟ ತೆರೆಯಲು ಬಂದರೆ ಆಗುತ್ತದೆ. ಪೈಯನ್ನು ಹಾಡಿನ ಪ್ಲೇಯರ್ ಮಾಡುವ ಸಾಫ್ಟ್‌ವೇರ್‌ಗಳಲ್ಲಿ ವೊಲ್ಯೂಮಿಯೊ ಅತಿ ಸುಲಭ. ಮೂಡ್ ಆಡಿಯೊದಲ್ಲಿ ತಿರುಚಿ ನೋಡಲು ಹೆಚ್ಚು ಅವಕಾಶ. ನಮ್ಮ ಊರುಗಳಿಗೆ ನಾನು ಹೇಳುವುದು ಪೈಕೋರ್‌ಪ್ಲೇಯರ್. ಅದು ಶುರುವಾದ ಮೇಲೆ ಪೂರ್ತಿ ರ್‍ಯಾಮ್‌ನಲ್ಲೇ ಓಡುತ್ತದೆ, ಎಸ್‌ಡಿ ಕಾರ್ಡ್‌ಗೆ ಬರೆಯುತ್ತಾ ಕೂರುವುದಿಲ್ಲ. ಹಾಗಾಗಿ ಥಟ್ಟನೆ ಕರೆಂಟ್ ಹೋದರೂ ಕಾರ್ಡ್ ಕೆಡುವ ಭಯ ತುಂಬ ಕಡಿಮೆ. ಬೇರೆ ವ್ಯವಸ್ಥೆಗಳಲ್ಲಿ ಬರೆಯುತ್ತಿರುವಾಗ ಕರೆಂಟ್ ಹೋದರೆ ಕಾರ್ಡ್ ಹಾಳಾಗಿ, ಮೊದಲಿಂದ ಎಲ್ಲ ಹಾಕಬೇಕಾಗುತ್ತದೆ.

ಇದರ ಜೊತೆ ಲಿರಿಯಾನ್ ಮ್ಯೂಸಿಕ್ ಸರ್ವರ್ ಹಾಕಿಕೊಳ್ಳಬಹುದು. ಇದರ ಕಥೆ ನನಗೆ ಬಹಳ ಇಷ್ಟ. ಲಾಜಿಟೆಕ್ ತನ್ನ ಸ್ಕ್ವೀಜ್‌ಬಾಕ್ಸ್ ಪ್ಲೇಯರ್‌ಗಳನ್ನು 2012ರಲ್ಲಿ ಕೈಬಿಟ್ಟಿತು. ಆದರೆ ಅದರ ಸಾಫ್ಟ್‌ವೇರ್ ಓಪನ್ ಸೋರ್ಸ್ ಆಗಿದ್ದರಿಂದ ಬಳಸುವವರೇ ಅದನ್ನು ಕಾಪಾಡಿಕೊಂಡು ಬಂದರು. ಅದೇ ಈಗ ಲಿರಿಯಾನ್ ಅನ್ನುವ ಹೆಸರಿನಲ್ಲಿ ಇವತ್ತಿಗೂ ಬೆಳೆಯುತ್ತಿದೆ.

ಕೊಳ್ಳುವ ಮುಂಚೆ ಒಂದು ವಿಷಯ ನೋಡಿಕೊಳ್ಳಿ. ಪೈ 5ರಲ್ಲೂ ಝೀರೊ 2 ಡಬ್ಲ್ಯೂನಲ್ಲೂ ಹೆಡ್‌ಫೋನ್ ತೂತೇ ಇಲ್ಲ. ಪೈ 4ರಲ್ಲಿ ಇದ್ದರೂ ದನಿ ಅಷ್ಟಕ್ಕಷ್ಟೆ. ಯುಎಸ್‌ಬಿ ಡ್ಯಾಕ್ (ಡಿಜಿಟಲ್ ಹಾಡನ್ನು ಅಂಪ್ಲಿಫೈಯರ್‌ಗೆ ಹಿಡಿಸುವ ದನಿಯಾಗಿ ಬದಲಿಸುವ ಸಾಧನ) ಅಥವಾ ಪೈ ಮೇಲೆ ಕೂರುವ ಡ್ಯಾಕ್ ಬೋರ್ಡ್ ಬೇಕು. ಬರೀ ಹಾಡಿಗೆ ಪೈ 5 ಬೇಕಾಗಿಯೂ ಇಲ್ಲ, ಝೀರೊ 2 ಡಬ್ಲ್ಯೂ ಸಾಕು. ಸ್ಪಾಟಿಫೈಯನ್ನು ಪೈನಲ್ಲಿ ಕನೆಕ್ಟ್ ಮೂಲಕ ನುಡಿಸಲು ಪ್ರೀಮಿಯಂ ಅಕೌಂಟ್ ಬೇಕು.

ಮನೆಯ ಸರ್ವರ್‌ನ ಹಾಡು ಹೊರಗಿನಿಂದಲೂ ಕೇಳಬಹುದಾ?

ನ್ಯಾವಿಡ್ರೋಮ್ ಅಥವಾ ಜೆಲ್ಲಿಫಿನ್ ಅನ್ನುವ ಸರ್ವರ್ ಸಾಫ್ಟ್‌ವೇರ್ ಹಾಕಿದರೆ ಆಗುತ್ತದೆ. ಎರಡೂ ಉಚಿತ. ಹಾಡಿಗೆ ಮಾತ್ರ ಅಂದರೆ ನ್ಯಾವಿಡ್ರೋಮ್ ಹಗುರ. ಜನ ಸಿಕ್ಕಿಬೀಳುವುದು ರೂಟರ್‌ನಲ್ಲಿ. ಪೋರ್ಟ್ ಫಾರ್ವರ್ಡ್ ಮಾಡಿ (ಹೊರಗಿನಿಂದ ಸರ್ವರ್‌ಗೆ ಬರಲು ರೂಟರ್‌ನಲ್ಲಿ ದಾರಿ ತೆರೆಯಿರಿ) ಅಂತ ಎಲ್ಲ ಕಡೆ ಬರೆದಿರುತ್ತದೆ. ಆದರೆ ನಮ್ಮ ಬಹಳಷ್ಟು ಫೈಬರ್ ಕನೆಕ್ಷನ್‌ಗಳಲ್ಲಿ ಒಂದೇ ಪಬ್ಲಿಕ್ ಐಪಿಯನ್ನು ಹಲವು ಮನೆಗಳು ಹಂಚಿಕೊಂಡಿರುತ್ತವೆ. ಎಷ್ಟು ತಿರುಚಿದರೂ ಹೊರಗಿನಿಂದ ದಾರಿ ಸಿಗುವುದಿಲ್ಲ. ಅದಕ್ಕೆ ಟೇಲ್‌ಸ್ಕೇಲ್ ಹಾಕಿಕೊಳ್ಳಿ, ಅದು ನಿಮ್ಮ ಸಾಧನಗಳ ನಡುವೆ ಖಾಸಗಿ ದಾರಿ ಮಾಡಿಕೊಡುವ ಆ್ಯಪ್. ಫೋನ್, ಸರ್ವರ್ ಎರಡರಲ್ಲೂ ಒಂದೇ ಅಕೌಂಟ್‌ನಿಂದ ಲಾಗಿನ್ ಆದರೆ ಸಾಕು, ರೂಟರ್ ಮುಟ್ಟುವುದೇ ಬೇಡ. ಸರ್ವರನ್ನು ಇಡೀ ಜಗತ್ತಿಗೆ ತೆರೆದಿಡುವ ಅಪಾಯವೂ ಇಲ್ಲ.

ಬೇಸಿಗೆಯಲ್ಲಿ ಕರೆಂಟ್ ಹೋಗ್ತಾ ಬರ್ತಾ ಇರುತ್ತೆ. ಏನು ಮಾಡೋದು?

ಮನೆಗೆ ಯುಪಿಎಸ್ ಇದ್ದರೂ ರೂಟರ್ ಇರುವ ಪಾಯಿಂಟ್ ಅದರ ಲೈನ್‌ನಲ್ಲಿ ಇದೆಯಾ ನೋಡಿ. ಎಷ್ಟೋ ಮನೆಗಳಲ್ಲಿ ಇರುವುದಿಲ್ಲ. ಯುಪಿಎಸ್ ಇಲ್ಲದವರಿಗೆ ರೂಟರ್‌ಗೆಂದೇ 12 ವೋಲ್ಟ್‌ನ ಸಣ್ಣ ಯುಪಿಎಸ್ ಸಿಗುತ್ತದೆ. ಹಾರ್ಡ್ ಡಿಸ್ಕ್ ಇರುವ ಸರ್ವರ್ ಆದರೆ ಯುಪಿಎಸ್ ಇಲ್ಲದೆ ಹಾಕಲೇಬೇಡಿ.

ಹಾಡು ಮಧ್ಯೆ ಮಧ್ಯೆ ತಡವರಿಸುತ್ತೆ. ಸ್ಪೀಕರ್ ಫೋನ್‌ನಲ್ಲಿ ಕಾಣಿಸೋದೇ ಇಲ್ಲ.

ಇವೆರಡಕ್ಕೂ ಹೆಚ್ಚಾಗಿ ಕಾರಣ ವೈಫೈ. ಕೋಟೆ ಕೆಳಗಿನ ಹಳೆಯ ಕಲ್ಲುಗೋಡೆ ಮನೆಗಳಲ್ಲಿ 5 ಗಿಗಾಹರ್ಟ್ಸ್ ವೈಫೈ ಒಂದು ಗೋಡೆ ದಾಟುವಷ್ಟರಲ್ಲಿ ಸುಸ್ತಾಗುತ್ತದೆ. 2.4 ಗಿಗಾಹರ್ಟ್ಸ್ ನಿಧಾನ, ಆದರೆ ದೂರ ಹೋಗುತ್ತದೆ. ಹಾಡಿಗೆ ಆ ವೇಗ ಸಾಕು. ರೂಟರನ್ನು ಟಿವಿ ಹಿಂದೆ, ಬೀರು ಮೇಲೆ ಬಚ್ಚಿಡಬೇಡಿ.

ಸ್ಪೀಕರ್ ಕಾಣಿಸದಿದ್ದರೆ ಫೋನೂ ಸ್ಪೀಕರೂ ಒಂದೇ ವೈಫೈನಲ್ಲಿ ಇವೆಯಾ ನೋಡಿ. ಮಹಡಿಗೆ ಬೇರೆ ರೂಟರ್ ಹಾಕಿದ್ದರೆ, ಗೆಸ್ಟ್ ವೈಫೈಗೆ ಸೇರಿಕೊಂಡಿದ್ದರೆ, ಫೋನ್ ಮೊಬೈಲ್ ಡೇಟಾಗೆ ಜಾರಿದ್ದರೆ ಒಂದಕ್ಕೊಂದು ಕಾಣುವುದಿಲ್ಲ.

ಡೇಟಾ ಎಷ್ಟು ಖರ್ಚಾಗುತ್ತೆ?

320 ಕೆಬಿಪಿಎಸ್‌ನಲ್ಲಿ (ಹಾಡಿಗೆ ಸೆಕೆಂಡಿಗೆ ಎಷ್ಟು ಡೇಟಾ ಅನ್ನುವ ಅಳತೆ ಇದು) ಗಂಟೆಗೆ 144 ಎಂಬಿ. 128ರಲ್ಲಿ 58 ಎಂಬಿ. ವಿಡಿಯೊ ಓಡಿಸಿದರೆ ಇದರ ಎಷ್ಟೋ ಪಟ್ಟು. ಮೊಬೈಲ್ ಡೇಟಾ ನಂಬಿಕೊಂಡವರು ಹಾಡನ್ನು ಯೂಟ್ಯೂಬ್ ವಿಡಿಯೊದಲ್ಲಿ ಕೇಳದಿದ್ದರೆ ಒಳ್ಳೆಯದು.

ಲಾಸ್‌ಲೆಸ್ ಬೇಕೇ ಬೇಕಾ?

ಸಿಡಿಯಲ್ಲಿರುವ ದನಿ 16 ಬಿಟ್, 44.1 ಕಿಲೋಹರ್ಟ್ಸ್, ಅಂದರೆ 1,411 ಕೆಬಿಪಿಎಸ್. ಫ್ಲ್ಯಾಕ್ ಅದನ್ನು ಏನೂ ಕಳೆಯದೆ ಮಡಚಿಡುತ್ತದೆ, ಲಾಸ್‌ಲೆಸ್ ಅಂದರೆ ಇದೇ. ನಿಮ್ಮ ಸಂಗ್ರಹವನ್ನು ಕಾಪಾಡಿಡಲು ಫ್ಲ್ಯಾಕೇ ಸರಿ. ಕೇಳಲು 320ರ ಎಂಪಿ3 ಸಾಲದು ಅಂತ ನನಗೆ ಅನ್ನಿಸುವುದಿಲ್ಲ. 128ರ ಹಳೇ ಎಂಪಿ3ಯನ್ನು ಫ್ಲ್ಯಾಕ್‌ಗೆ ಬದಲಿಸಿದರೆ ಫೈಲ್ ದಪ್ಪವಾಗುತ್ತದೆಯೇ ಹೊರತು ಕಳೆದುಹೋದ ದನಿ ವಾಪಸ್ ಬರುವುದಿಲ್ಲ. ಕೈಯಲ್ಲಿರುವ ದುಡ್ಡಿನಲ್ಲಿ ದೊಡ್ಡ ಪಾಲು ಸ್ಪೀಕರ್‌ಗೆ ಹಾಕಿ. ಅದು ಇಪ್ಪತ್ತು ವರ್ಷ ಬಾಳುತ್ತದೆ. ಸ್ಟ್ರೀಮರ್ ಅಷ್ಟು ಬಾಳುವುದಿಲ್ಲ, ಆಗ ಅದೊಂದನ್ನೇ ಬದಲಿಸಿದರಾಯಿತು.

ಮಗ ಎಲ್ಲ ಸೆಟ್ ಮಾಡಿಕೊಟ್ಟು ಕೆಲಸಕ್ಕೆ ಬೆಂಗಳೂರಿಗೆ ಹೋದ. ಈಗ ನಾವೇನು ಮಾಡೋದು?

ನಮ್ಮ ಊರುಗಳಲ್ಲಿ ಇದು ಮನೆ ಮನೆಯ ಪ್ರಶ್ನೆ. ಮಕ್ಕಳೇ, ಹೊರಡುವ ಮುಂಚೆ ಒಂದು ಹಾಳೆಯಲ್ಲಿ ಕನ್ನಡದಲ್ಲಿ ಬರೆದು ಸ್ಪೀಕರ್ ಪಕ್ಕ ಅಂಟಿಸಿ. ವೈಫೈ ಹೆಸರು, ಅಂಪ್ಲಿಫೈಯರ್‌ನ ಯಾವ ಗುಂಡಿ ಎಲ್ಲಿಗೆ ತಿರುಗಿರಬೇಕು, ಹಾಡು ಬರದಿದ್ದರೆ ಮೊದಲು ಯಾವುದನ್ನು ಆಫ್ ಮಾಡಿ ಆನ್ ಮಾಡಬೇಕು. ಆಮೇಲೆ ನೀವು ಕೈ ಹಾಕದೆ ಅಮ್ಮನ ಕೈಯಲ್ಲೇ ಒಂದು ಸಲ ಎಲ್ಲ ಆಫ್ ಮಾಡಿಸಿ, ಮತ್ತೆ ಆನ್ ಮಾಡಿಸಿ, ಹಾಡು ಹಾಕಿಸಿ. ಅವರು ಎಲ್ಲಿ ತಡೆದು ನಿಲ್ಲುತ್ತಾರೋ ಅದನ್ನು ಹಾಳೆಗೆ ಸೇರಿಸಿ. ಎರಡು ಮೂರು ಸಲ ಮಾಡಿದರೂ ಆಗದಿದ್ದರೆ ಸರ್ವರ್ ಹಾಗೇ ಇರಲಿ, ಅದೇ ಅಂಪ್ಲಿಫೈಯರ್‌ಗೆ ಬ್ಲೂಟೂತ್ ರಿಸೀವರ್ ಒಂದನ್ನು ಜೋಡಿಸಿ, ಅಮ್ಮನ ಫೋನ್ ಅದಕ್ಕೆ ಪೇರ್ ಮಾಡಿಟ್ಟು ಬಸ್ ಹತ್ತಿ.